ಲೇಸಿಗೆ ಎಷ್ಟು ಗಂಜಿ? ನೀರಲ್ಲಿ ಕರಗುವ ಸ್ಟೆಬಿಲೈಸರ್ ತೆಗೆಯುವ ಹದ

ಕಾಟನ್ ಸೀರೆಗೆ ಗಂಜಿ ಹಾಕಿ ಅಭ್ಯಾಸ ಇರುವವರಿಗೆ ಈ ಕೆಲಸ ಅರ್ಧ ಬಂದಂತೆಯೇ. ಗಂಜಿ ಮಂದವಾದರೆ ಸೀರೆ ಹಪ್ಪಳದ ಹಾಗೆ ನಿಲ್ಲುತ್ತದೆ, ತೆಳುವಾದರೆ ಮೈಗೆ ಒಗ್ಗುತ್ತದೆ. ಎಂಬ್ರಾಯ್ಡರಿ ಮಷಿನ್ನಿನಲ್ಲಿ ಹಾಕಿದ ಫ್ರೀಸ್ಟ್ಯಾಂಡಿಂಗ್ ಲೇಸಿನ ಲೆಕ್ಕವೂ ಇದೇ. ಅಡಿಯಲ್ಲಿ ಬಟ್ಟೆ ಇಲ್ಲದೆ, ಸ್ಟೆಬಿಲೈಸರ್ ಎಂಬ ನೀರಲ್ಲಿ ಕರಗುವ ಹಾಳೆಯ ಮೇಲೆ ಹೊಲಿದು, ಆಮೇಲೆ ಹಾಳೆಯನ್ನು ಕರಗಿಸಿಬಿಟ್ಟರೆ ದಾರ ಮಾತ್ರ ಉಳಿದು ಲೇಸಾಗುತ್ತದೆ. ಕರಗಿದ್ದು ಪೂರ್ತಿ ಹೊರಟುಹೋಯಿತೋ, ಒಂದಷ್ಟು ದಾರದ ಎಳೆಗಳ ನಡುವೆಯೇ ಕೂತಿತೋ ಎಂಬುದರ ಮೇಲೆ ಲೇಸು ಬಳುಕುತ್ತದೆ ಇಲ್ಲವೇ ರಟ್ಟಿನಂತೆ ನಿಲ್ಲುತ್ತದೆ. ಹಾಗಾಗಿ ನೀರು ಕಾಯಿಸುವ ಮೊದಲೇ ತೀರ್ಮಾನಿಸಿಕೊಳ್ಳಬೇಕಾದದ್ದು: ಈ ಲೇಸಿನಲ್ಲಿ ಎಷ್ಟು ಗಂಜಿ, ಅಂದರೆ ಕರಗಿದ ಹಾಳೆಯ ಅಂಶ, ಉಳಿಯಬೇಕು?

ಕಿವಿಯೋಲೆ, ಬಾಗಿಲ ತೋರಣದ ಎಲೆ, ಕ್ರಿಸ್‌ಮಸ್ ನಕ್ಷತ್ರ, ಲೇಸಿನ ಬಟ್ಟಲು ಇವೆಲ್ಲ ಗಟ್ಟಿಯಾಗಿ ನಿಲ್ಲಬೇಕು. ರವಿಕೆಯ ತೋಳಿನ ಅಂಚು, ಕುತ್ತಿಗೆಯ ಪಟ್ಟಿ, ದುಪಟ್ಟಾದ ಬಾರ್ಡರ್, ಮಗುವಿನ ಫ್ರಾಕಿನ ಕಾಲರ್ ಮೆತ್ತಗಿರಬೇಕು. ಕೊರಳಿಗೆ ಹಾಕುವ ನೆಕ್ಲೇಸ್, ಕೈಗೆ ಕಟ್ಟುವ ಪಟ್ಟಿ ನೋಡುವುದಕ್ಕೆ ಓಲೆಯ ಜಾತಿಯೇ ಆದರೂ ಅವನ್ನು ಮೆತ್ತನೆಯ ಗುಂಪಿಗೇ ಸೇರಿಸಿ. ಬೆವರು ತಾಗಿದರೆ ಒಳಗುಳಿದ ಗಂಜಿ ಮತ್ತೆ ಅಂಟಂಟಾಗುತ್ತದೆ.

ಕೈಯಲ್ಲಿರುವ ಹಾಳೆ ಯಾವುದು

ಈ ಹಾಳೆಗಳು ಪಾಲಿವಿನೈಲ್ ಆಲ್ಕೊಹಾಲ್ (ಚುಟುಕಾಗಿ ಪಿವಿಎ) ಎಂಬ ವಸ್ತುವಿನಿಂದ ಆದವು. 1924ರಲ್ಲಿ ಜರ್ಮನಿಯಲ್ಲಿ ಹರ್ಮನ್ ಮತ್ತು ಹೇನೆಲ್ ಎಂಬ ರಸಾಯನಶಾಸ್ತ್ರಜ್ಞರು ಇದನ್ನು ಮೊದಲು ತಯಾರಿಸಿದರು. ಅದಕ್ಕೂ ಮುಂಚೆ, 1880ರ ದಶಕದಲ್ಲಿ, ಜರ್ಮನಿಯ ಪ್ಲೌವೆನ್ ಮತ್ತು ಸ್ವಿಟ್ಜರ್ಲೆಂಡಿನ ಸೇಂಟ್ ಗಾಲನ್ ಕಡೆಯ ಕಾರ್ಖಾನೆಗಳು ರೇಷ್ಮೆ ಬಟ್ಟೆಯ ಮೇಲೆ ಹತ್ತಿ ದಾರದಲ್ಲಿ ಕಸೂತಿ ಹಾಕಿ, ರಾಸಾಯನಿಕದಲ್ಲಿ ಅದ್ದಿ ರೇಷ್ಮೆಯನ್ನು ಮಾತ್ರ ಕರಗಿಸುತ್ತಿದ್ದವು. ಕೆಮಿಕಲ್ ಲೇಸ್ ಎಂಬ ಹೆಸರು ಬಂದದ್ದು ಹಾಗೆ. ಚಿಕ್ಕಪೇಟೆ ಕಡೆಯ ಅಂಗಡಿಗಳಲ್ಲಿ ಗಜದ ಲೆಕ್ಕದಲ್ಲಿ ಸಿಗುವ ‘ಜಿಪಿಒ ಲೇಸ್’ ಆ ಜಾತಿಯದೇ. ಮನೆಯಲ್ಲಿ ಮಾಡುವವರಿಗೆ ರಾಸಾಯನಿಕದ ಗೊಡವೆಯಿಲ್ಲ, ನೀರೇ ಸಾಕು.

ಹಾಳೆಯಲ್ಲಿ ಎರಡು ಬಗೆ. ಪಾರದರ್ಶಕ ಪ್ಲಾಸ್ಟಿಕ್ ಕವರಿನಂತೆ ಕಾಣುವುದು ಫಿಲ್ಮ್. ಬಿಳಿ ಕ್ಯಾನ್ವಾಸಿನಂತೆ, ಮುಟ್ಟಿದರೆ ಬಟ್ಟೆಯಂತೆ ಇರುವುದು ನಾರಿನ ಬಗೆ. ಫಿಲ್ಮಿನಲ್ಲೇ ಸುಮಾರು 20 ಮೈಕ್ರಾನಿನ ತೆಳು ಹಾಳೆ ಟವೆಲ್, ವೆಲ್ವೆಟ್ ಮೇಲೆ ಹೊದಿಸಿ ಹೊಲಿಯುವುದಕ್ಕೆ. ಲೇಸಿಗೆ ಬೇಕಾದದ್ದು ಸುಮಾರು 80 ಮೈಕ್ರಾನಿನ ದಪ್ಪ ಹಾಳೆ. ನಾರಿನದಾದರೆ ಸಾಮಾನ್ಯವಾಗಿ ಎರಡು ಪದರ ಹಾಕಿ ಹೊಲಿಯುತ್ತಾರೆ. ತೊಳೆಯುವಾಗ ಈ ವ್ಯತ್ಯಾಸ ಚೆನ್ನಾಗಿ ಗೊತ್ತಾಗುತ್ತದೆ. ನಾರಿನದು ನೀರು ಕಂಡ ತಕ್ಷಣ ಕರಗತೊಡಗುತ್ತದೆ, ಫಿಲ್ಮ್ ಮೊದಲು ಲೋಳೆಯಾಗಿ ಆಮೇಲೆ ನಿಧಾನಕ್ಕೆ ಕರಗುತ್ತದೆ.

ಇವೆರಡಕ್ಕಿಂತ ಮುಖ್ಯವಾದ ಇನ್ನೊಂದು ಭೇದ ಕಣ್ಣಿಗೆ ಕಾಣುವುದಿಲ್ಲ. ಮನೆಬಳಕೆಗೆ ಮಾರುವುದು ತಣ್ಣೀರಲ್ಲಿ ಕರಗುವ ಮಾಲು. ದೊಡ್ಡ ಮಷಿನ್‌ಗಳಲ್ಲಿ ಲೇಸು ಮಾಡುವವರು ಬಳಸುವುದು 80-90 ಡಿಗ್ರಿಯ ಬಿಸಿನೀರು ಕಾಣದೆ ಕರಗದ ಮಾಲು. ಬಿಡಿಯಾಗಿ ಕತ್ತರಿಸಿ ಕೊಡುವ ಅಂಗಡಿಯಲ್ಲಿ ಇವೆರಡೂ ಒಂದೇ ಹೆಸರಿನಲ್ಲಿ ಬರಬಹುದು. ಸುಮ್ಮನೆ ಪಾಲಿಥಿನ್ ಹಾಳೆಯೇ ಕೈಗೆ ಬಂದರೂ ಬಂತು. ಅದಕ್ಕೇ ಹೊಲಿಯುವ ಮೊದಲು ಎರಡು ಪರೀಕ್ಷೆ. ಬೆರಳು ಒದ್ದೆ ಮಾಡಿ ಹಾಳೆಯ ಮೂಲೆಯನ್ನು ಹಿಡಿದು ಐದು ಎಣಿಸಿ ಬಿಡಿ. ತಣ್ಣೀರಿನ ಮಾಲಾದರೆ ಬೆರಳಿಗೆ ಅಂಟುತ್ತದೆ, ಗುರುತು ಬೀಳುತ್ತದೆ. ಆಮೇಲೆ ಎರಡು ಸೆಂಟಿಮೀಟರಿನ ಚೌಕ ಕತ್ತರಿಸಿ ಒಂದು ಲೋಟ ನಲ್ಲಿ ನೀರಿಗೆ ಹಾಕಿ. ಎರಡು ನಿಮಿಷದಲ್ಲಿ ಅದು ಲೋಳೆಯಾಗದಿದ್ದರೆ ಕುದಿಯುವ ನೀರಿಗೆ ಹಾಕಿ ನೋಡಿ. ಅಲ್ಲೂ ಕದಲದಿದ್ದರೆ ಅದು ಪಾಲಿಥಿನ್, ವಾಪಸ್ ಕೊಡಿ. ಹೊಲಿದಾದ ಮೇಲೆ ಗೊತ್ತಾದರೆ ಮಾಡುವುದಕ್ಕೇನೂ ಇರುವುದಿಲ್ಲ.

ನೀರಿಗೆ ಮುಂಚೆ ಕತ್ತರಿ

ಹಾಳೆಯನ್ನು ಬಿಗಿಯಾಗಿ ಹಿಡಿಯುವ ಚೌಕಟ್ಟಿನಿಂದ, ಅಂದರೆ ಹೂಪಿನಿಂದ, ಬಿಚ್ಚಿದ ಕೂಡಲೇ ನೀರಿಗೆ ಹಾಕಬೇಡಿ. ಹಾಳೆ ಇರುವಾಗ ಮಾಡಬಹುದಾದ ರಿಪೇರಿ ಹಾಳೆ ಹೋದ ಮೇಲೆ ಆಗುವುದಿಲ್ಲ. ಲೇಸಿನ ಹಿಂದೆ ಮೊಬೈಲಿನ ಟಾರ್ಚ್ ಹಚ್ಚಿ ಸುತ್ತಲೂ ನೋಡಿ. ಅಂಚಿನ ಸ್ಯಾಟಿನ್ ಹೊಲಿಗೆ ಒಳಗಿನ ಜಾಲರಿಯನ್ನು ಎಲ್ಲಾದರೂ ಹಿಡಿಯದೆ ಬಿಟ್ಟಿದ್ದರೆ ಅಲ್ಲಿ ಬೆಳಕು ಸೀಳಿನಂತೆ ಕಾಣುತ್ತದೆ. ಅದೇ ಬಣ್ಣದ ದಾರದಲ್ಲಿ ಕೈಯಿಂದ ಮೂರು ನಾಲ್ಕು ಹೊಲಿಗೆ ಹಾಕಿ ಸೇರಿಸಿ. ಒಂದು ಭಾಗದಿಂದ ಇನ್ನೊಂದಕ್ಕೆ ಹಾರಿದ ದಾರಗಳನ್ನೂ ಈಗಲೇ ಕತ್ತರಿಸಿ. ಒದ್ದೆಯಾದ ಮೇಲೆ ಅವು ಲೇಸಿಗೆ ಮೆತ್ತಿಕೊಂಡು ಯಾವುದು ಬೇಕಾದ್ದು, ಯಾವುದು ಬೇಡದ್ದು ತಿಳಿಯುವುದಿಲ್ಲ. ಕಟ್ಟಿದ ಗಂಟಿನಿಂದ ಎರಡು ಮಿಲಿಮೀಟರ್ ಬಿಟ್ಟು ಕತ್ತರಿಸುವುದು ಕ್ಷೇಮ.

ಆಮೇಲೆ ಲೇಸಿನ ಸುತ್ತ ನಾಲ್ಕೈದು ಮಿಲಿಮೀಟರ್ ಬಿಟ್ಟು ಹಾಳೆ ಕತ್ತರಿಸಿ. ಮೆತ್ತಗೆ ಬೇಕಾದ ಲೇಸಾದರೆ ಎರಡು ಮಿಲಿಮೀಟರಿನವರೆಗೂ ಹೋಗಬಹುದು. ಹೊಲಿಗೆಗೆ ತಾಗಿಸಿ ಕತ್ತರಿಸುವ ಆಸೆ ಬೇಡ. ಒಂದು ಲಾಕ್ ಹೊಲಿಗೆ ತುಂಡಾದರೆ ನೀರಲ್ಲಿ ಆ ಅಂಚು ಪೂರ್ತಿ ಬಿಚ್ಚಿಕೊಳ್ಳುತ್ತದೆ. ದೊಡ್ಡ ಕಿಂಡಿಗಳಿರುವ ಡಿಸೈನಿನಲ್ಲಿ ಕಿಂಡಿಯ ನಡುವಿನ ಹಾಳೆಯನ್ನೂ ಚೂಪು ಕತ್ತರಿಯಿಂದ ತೆಗೆದರೆ ನೀರಿನ ಕೆಲಸ ಅರ್ಧ ಕಡಿಮೆಯಾಗುತ್ತದೆ. ಹೀಗೆ ಬಂದ ಚೂರುಗಳನ್ನು ಎಸೆಯಬೇಡಿ, ಜಿಪ್ ಕವರಿನಲ್ಲಿ ಹಾಕಿಡಿ. ಅವುಗಳದ್ದೇ ಒಂದು ಉಪಯೋಗ ಮುಂದೆ ಬರುತ್ತದೆ.

ಈ ಹಂತದಲ್ಲಿ ಇಸ್ತ್ರಿಪೆಟ್ಟಿಗೆ ದೂರ ಇರಲಿ. ಸುಕ್ಕು ತೆಗೆಯೋಣ ಎಂದು ಹಾಳೆಯ ಸಮೇತ ಇಸ್ತ್ರಿ ಹಾಕಿದರೆ ಫಿಲ್ಮ್ ಮೆತ್ತಗಾಗಿ ದಾರದ ಒಳಕ್ಕೆ ಇಳಿಯುತ್ತದೆ. ಬಿಸಿ ತಿಂದ ಪಾಲಿವಿನೈಲ್ ಆಲ್ಕೊಹಾಲಿನ ಕಣಗಳು ಒತ್ತೊತ್ತಾಗಿ ಕೂತು ತಣ್ಣೀರಿಗೆ ಸುಲಭಕ್ಕೆ ಜಗ್ಗುವುದಿಲ್ಲ. ಮಣಿ, ಕುಂದನ್, ಓಲೆಯ ಕೊಕ್ಕೆ ಎಲ್ಲವೂ ತೊಳೆದು ಒಣಗಿದ ಮೇಲಿನ ಕೆಲಸ. ಲೇಸನ್ನು ಮೈಸೂರು ರೇಷ್ಮೆಗೋ ಜರಿ ಸೀರೆಗೋ ಹಚ್ಚುವುದಿದ್ದರೆ ಬೇರೆಯಾಗಿ ಹೊಲಿದು, ತೊಳೆದು, ಒಣಗಿಸಿ ಆಮೇಲೆ ಹಚ್ಚಿ. ಸೀರೆಯನ್ನು ನೀರಿಗೆ ಅದ್ದುವ ಸಂದರ್ಭವೇ ಬರಬಾರದು.

ಬಣ್ಣದ ಪರೀಕ್ಷೆ ಒಂದು ನಿಮಿಷದ್ದು. ಕೆಂಪು, ಕುಂಕುಮ, ಕಡುನೀಲಿ ದಾರದ ಒಂದಡಿ ತುಂಡನ್ನು ಬಿಸಿನೀರಲ್ಲಿ ನೆನೆಸಿ ಬಿಳಿ ಬಟ್ಟೆಯಲ್ಲಿ ಒತ್ತಿ ನೋಡಿ. ಪಾಲಿಯೆಸ್ಟರ್ ದಾರ ಸಾಮಾನ್ಯವಾಗಿ ಬಣ್ಣ ಬಿಡುವುದಿಲ್ಲ. ರೇಯಾನ್ ಬಿಡಬಹುದು, ಅಲ್ಲದೆ ಒದ್ದೆಯಾದಾಗ ಅದರ ಬಲವೂ ಕುಗ್ಗುತ್ತದೆ. ಹತ್ತಿ ದಾರ ಇದಕ್ಕೆ ತಿರುಗಾಮುರುಗಾ, ಒದ್ದೆಯಾದಾಗಲೇ ಗಟ್ಟಿ. ರೇಯಾನಿನ ಲೇಸನ್ನು ನೀರಿನಲ್ಲಿ ಎಳೆಯಬಾರದು ಎನ್ನುವುದು ಅದಕ್ಕೇ.

ನೀರು

ಬೇಕಾದದ್ದು ಉಗುರುಬೆಚ್ಚಗಿನ ನೀರು, 35ರಿಂದ 40 ಡಿಗ್ರಿ. ಥರ್ಮಾಮೀಟರ್ ಇಲ್ಲದಿದ್ದರೆ ಮೂರು ಲೋಟ ನಲ್ಲಿ ನೀರಿಗೆ ಒಂದು ಲೋಟ ಕುದಿಯುವ ನೀರು ಬೆರೆಸಿ, ನಿಮಿಷ ಬಿಟ್ಟರೆ ಸುಮಾರು ಅದೇ ಹದ ಬರುತ್ತದೆ. ತಣ್ಣೀರಲ್ಲೂ ಕೆಲಸ ಆಗುತ್ತದೆ, ಆದರೆ ನಿಧಾನ. ಜರಿ ದಾರದ ಲೇಸಿಗೆ ಇದಕ್ಕಿಂತ ಬಿಸಿ ಬೇಡ, ಎಳೆ ಸುಕ್ಕಾಗಿ ಹೊಳಪು ಮಂಕಾಗುತ್ತದೆ.

ಎಷ್ಟು ನೀರು? ಹತ್ತು ಸೆಂಟಿಮೀಟರ್ ಚೌಕದ 80 ಮೈಕ್ರಾನ್ ಫಿಲ್ಮ್ ತೂಗಿದರೆ ಒಂದು ಗ್ರಾಂ ಆಸುಪಾಸು. ಅದನ್ನು ಎರಡು ಲೀಟರ್ ನೀರಲ್ಲಿ ಕರಗಿಸಿದರೆ ಸಾವಿರಕ್ಕೆ ಅರ್ಧ ಭಾಗ, ಏನೇನೂ ಅಲ್ಲ. ನೀರು ಸಾಲದೆ ಲೇಸು ಗಟ್ಟಿಯಾಗಿ ಉಳಿಯುವುದು ಅಪರೂಪ. ತೊಡಕಿರುವುದು ಒತ್ತೊತ್ತಾದ ಹೊಲಿಗೆಯ ಒಳಗೆ: ಅಲ್ಲಿ ಸಿಕ್ಕಿಕೊಂಡ ಲೋಳೆಗೆ ಹೊಸ ನೀರು ತಲುಪುವುದು ನಿಧಾನ. ಅದಕ್ಕೆ ಬೇಕಾದದ್ದು ಸಮಯ ಮತ್ತು ನೀರು ಬದಲಿಸುವುದು. ಉಜ್ಜುವುದರಿಂದ, ಹಿಂಡುವುದರಿಂದ, ನಲ್ಲಿಯ ಕೆಳಗೆ ಜೋರಾಗಿ ಹಿಡಿಯುವುದರಿಂದ ಆಗುವುದು ಲೇಸಿನ ಆಕಾರ ಕೆಡುವುದಷ್ಟೇ.

ಅಗಲ ಬಾಯಿಯ ಟಬ್ಬಿನಲ್ಲಿ ಎರಡು ಲೀಟರ್ ನೀರು ತುಂಬಿ, ತಳದಲ್ಲಿ ಪ್ಲಾಸ್ಟಿಕ್ ಜಾಲರಿಯನ್ನೋ ಹಿಟ್ಟಿನ ಜರಡಿಯನ್ನೋ ಇಡಿ. ಲೇಸನ್ನು ಎರಡು ಕೈಯಲ್ಲಿ ಚಪ್ಪಟೆಯಾಗಿ ಹಿಡಿದು ಜಾಲರಿಯ ಮೇಲೆ ಇಳಿಸಿ. ಎತ್ತುವಾಗಲೂ ಜಾಲರಿಯ ಸಮೇತ ಎತ್ತಿ, ಮೂಲೆ ಹಿಡಿದು ಎಳೆಯಬೇಡಿ. ಈ ಜಾಗ್ರತೆಗೆ ಕಾರಣ ಮೊದಲ ಅರ್ಧ ನಿಮಿಷದಲ್ಲೇ ಕಾಣುತ್ತದೆ.

ಐದು ಸೆಂಟಿಮೀಟರಿನ ಮಾವಿನಕಾಯಿ ಓಲೆ ಎಂದಿಟ್ಟುಕೊಳ್ಳಿ. ನೀರು ತಾಗಿದ ಮರುಕ್ಷಣ ಸುತ್ತಲಿನ ಫಿಲ್ಮ್ ಸುಕ್ಕುಗಟ್ಟಿ ಅಂಚಿನ ಕಡೆಗೆ ಸುರುಳಿಯಾಗುತ್ತದೆ. ತೆಳ್ಳನೆಯ ಲೇಸಾದರೆ ಜೊತೆಗೆ ಅದನ್ನೂ ಮಡಚಿಕೊಳ್ಳುತ್ತದೆ. ಮಡಿಚಿದ ಭಾಗ ಒಂದಕ್ಕೊಂದು ಅಂಟಿದರೆ ಬಿಡಿಸುವುದು ಕಷ್ಟ. ಎರಡು ಬೆರಳಿಂದ ಮೆಲ್ಲಗೆ ಒತ್ತಿ ಹಿಡಿದಿರಿ. ಹತ್ತು ಹದಿನೈದು ಎಣಿಸುವಷ್ಟರಲ್ಲಿ ಹೊರಗಿನ ಅಂಚು ಮಾಯ. ಕಿಂಡಿಗಳಲ್ಲಿನ ಫಿಲ್ಮ್ ಸೋಪಿನ ಗುಳ್ಳೆಯ ಪೊರೆಯಂತೆ ಜೋತು, ಒಂದೊಂದೇ ಒಡೆಯುತ್ತದೆ. ಅರ್ಧ ನಿಮಿಷ ದಾಟಿದಾಗ ಕಣ್ಣಿಗೆ ಹಾಳೆ ಪೂರ್ತಿ ಹೋದಂತೆಯೇ ಕಾಣುತ್ತದೆ. ಬೆರಳಿಗೆ ಮಾತ್ರ ಬಸಳೆ ಸೊಪ್ಪಿನ ಲೋಳೆ ಸವರಿದಂತೆ ಜಾರುತ್ತದೆ. ಓಲೆಗೆ ಬೇಕಾದದ್ದು ಆ ಜಾರುವ ಲೋಳೆಯೇ. ಮೇಲೆತ್ತಿ, ನೀರು ಸೋರಲು ಬಿಡಿ, ಅಷ್ಟೇ. ನಾರಿನ ಬಗೆಯಾದರೆ ಇನ್ನೂ ಬೇಗ, ಹತ್ತು ಸೆಕೆಂಡಿಗೇ ಎತ್ತಬೇಕಾಗಬಹುದು.

ಮೆತ್ತಗೆ ಬೇಕಾದರೆ ಇಲ್ಲಿಂದ ಮುಂದಕ್ಕೆ ಹೋಗಬೇಕು. ಮೊದಲ ನೀರಲ್ಲಿ ಐದು ನಿಮಿಷ ಬಿಟ್ಟು ಚೆಲ್ಲಿ. ಎರಡನೆಯದು ಹೊಸ ಉಗುರುಬೆಚ್ಚಗಿನ ನೀರು, ಹದಿನೈದು ನಿಮಿಷ. ನಡುವೆ ಎರಡು ಮೂರು ಸಲ ಅಂಗೈಯಿಂದ ಲೇಸನ್ನು ಜಾಲರಿಗೆ ಒತ್ತಿ ಬಿಡಿ, ಸ್ಪಂಜ್ ಒತ್ತಿದ ಹಾಗೆ. ಉಜ್ಜದೆ ಒಳಗಿನ ಲೋಳೆ ಹೊರಗೆ ಬರಲು ಇದೇ ದಾರಿ. ಮೂರನೆಯ ನೀರಲ್ಲಿ ಒಂದು ಗಂಟೆ. ಎತ್ತಿ ಬೆರಳುಗಳ ನಡುವೆ ಉಜ್ಜಿ ನೋಡಿದರೆ ದಾರ ದಾರದಂತೆ ಒರಟಾಗಿ ಸಿಗಬೇಕು. ಇನ್ನೂ ಜಾರಿದರೆ ನಾಲ್ಕನೆಯ ನೀರಲ್ಲಿ ರಾತ್ರಿಯಿಡೀ ಬಿಡಿ. ಪಾಲಿಯೆಸ್ಟರಿಗೆ ಏನೂ ಆಗುವುದಿಲ್ಲ. ರೇಯಾನಿಗೆ ಅಷ್ಟು ಹೊತ್ತು ಬೇಡ, ಬದಲಿಗೆ ನೀರು ಒಂದೆರಡು ಸಲ ಹೆಚ್ಚು ಬದಲಿಸಿ. ಕಪ್ಪು, ಮರೂನ್, ಕಡುಹಸಿರು ಲೇಸಿಗೆ ಎಲ್ಲದಕ್ಕಿಂತ ಚೆನ್ನಾಗಿ ತೊಳೆಯಬೇಕು. ಬಿಳಿ ದಾರದಲ್ಲಿ ಕಾಣದ ಉಳಿಕೆ ಇವುಗಳ ಮೇಲೆ ಬೂದಿ ಎರಚಿದಂತೆ ಎದ್ದು ಕಾಣುತ್ತದೆ.

ಹಲವು ಮೀಟರ್ ಬಾರ್ಡರ್ ಇದ್ದರೆ ಬಕೆಟ್ ಬಳಸಿ, ಹತ್ತು ಲೀಟರ್ ನೀರಿಗೆ ಎರಡು ಮೀಟರಿಗಿಂತ ಹೆಚ್ಚು ಹಾಕಬೇಡಿ. ಓಲೆಗಳಾದರೆ ಎರಡು ಲೀಟರಿಗೆ ಹತ್ತು ಹನ್ನೆರಡು, ಒಂದರ ಮೇಲೊಂದು ಬೀಳದಂತೆ.

ಸೋಪಿನ ಪುಡಿ, ವಾಷಿಂಗ್ ಸೋಡಾ ಯಾವುದೂ ಬೇಡ. ಕರಗುವುದಕ್ಕೆ ಅವುಗಳ ಸಹಾಯ ಇಲ್ಲ. ಕ್ಷಾರಕ್ಕೆ ಸಿಕ್ಕರೆ ಪಾಲಿವಿನೈಲ್ ಆಲ್ಕೊಹಾಲ್ ತಣ್ಣೀರಲ್ಲಿ ಇನ್ನಷ್ಟು ಕರಗದ ಕಡೆಗೇ ತಿರುಗುತ್ತದೆ. ಬಿಳಿಗಾರವಂತೂ ಹತ್ತಿರ ಸುಳಿಯಬಾರದು. ಮಕ್ಕಳು ಆಡುವ ಸ್ಲೈಮ್ ಮಾಡುವುದು ಇವೆರಡನ್ನು ಬೆರೆಸಿಯೇ. ಕಲೆ ತೆಗೆಯುವ ಕೆಲವು ಪುಡಿ, ದ್ರಾವಣಗಳಲ್ಲಿ ಬಿಳಿಗಾರ ಇರುತ್ತದೆ. ಅಂಥ ನೀರಲ್ಲಿ ಲೇಸು ಬಿದ್ದರೆ ಹೊಲಿಗೆಯ ಸಂದಿನಲ್ಲಿ ಬಿಳಿ ರಬ್ಬರಿನಂಥ ಗಂಟು ಕಟ್ಟುತ್ತದೆ. ಕಟ್ಟಿದರೆ ಒಂದು ಲೀಟರ್ ಉಗುರುಬೆಚ್ಚಗಿನ ನೀರಿಗೆ ಎರಡು ದೊಡ್ಡ ಚಮಚ ಬಿಳಿ ವಿನೆಗರ್ ಬೆರೆಸಿ ಹತ್ತು ನಿಮಿಷ ನೆನೆಸಿ. ಹುಳಿಗೆ ಆ ಗಂಟು ಬಿಡುತ್ತದೆ, ಆಮೇಲೆ ಬರೀ ನೀರಲ್ಲಿ ತೊಳೆಯಿರಿ. ಜರಿಯ ಲೇಸಿಗೆ ಈ ಉಪಾಯ ಬೇಡ.

ಬಿಸಿನೀರಿನ ಮಾಲಿನ ಮೇಲೆ ಹೊಲಿದಿದ್ದರೆ ದಾರಿ ಬೇರೆ. ಸ್ಟೀಲ್ ಪಾತ್ರೆಯಲ್ಲಿ ನೀರು ಕುದಿಯುವ ಮುಂಚಿನ ಹದಕ್ಕೆ, ಸುಮಾರು 90 ಡಿಗ್ರಿಗೆ, ಬಂದಾಗ ಉರಿ ಸಣ್ಣ ಮಾಡಿ ಲೇಸು ಹಾಕಿ, ಮರದ ಸೌಟಿನಿಂದ ಮುಳುಗಿಸಿ ಐದು ನಿಮಿಷ ಇಡಿ. ಅದೇ ಬಿಸಿಯ ಇನ್ನೊಂದು ಪಾತ್ರೆಗೆ ನೇರ ವರ್ಗಾಯಿಸಿ. ನಡುವೆ ತಣ್ಣೀರಿಗೆ ಹಾಕಿದರೆ ಅರ್ಧ ಕರಗಿದ್ದು ಅಲ್ಲೇ ಹಿಡಿದುಕೊಳ್ಳುತ್ತದೆ. ಪಾಲಿಯೆಸ್ಟರ್ ಈ ಬಿಸಿ ತಡೆಯುತ್ತದೆ, ಆದರೆ ದಾರ ಸ್ವಲ್ಪ ಸೆಳೆದುಕೊಳ್ಳಬಹುದು. ಒಂದು ಸಣ್ಣ ತುಂಡು ಹೊಲಿದು ನೋಡದೆ ದೊಡ್ಡದಕ್ಕೆ ಕೈಹಾಕಬೇಡಿ. ರೇಯಾನ್, ಜರಿ ಇದಕ್ಕೆ ಒಗ್ಗುವುದಿಲ್ಲ.

ಹದ ಗೊತ್ತಾಗುವುದು ಒಣಗಿದ ಮೇಲೆ

ಒದ್ದೆ ಲೇಸು ಯಾವಾಗಲೂ ಮೆತ್ತಗೇ ಇರುತ್ತದೆ. ಆ ಮೆತ್ತನೆ ಕಂಡು ‘ಸಾಕು’ ಅಂದುಕೊಂಡರೆ ಬೆಳಗ್ಗೆ ರಟ್ಟಾಗಿರುತ್ತದೆ. ಹೆದರಿ ಬೇಗ ಎತ್ತಿದರೆ ಅಂಚಿನಲ್ಲಿ ಪೊರೆ ಉಳಿದಿರುತ್ತದೆ. ಹೊಸ ಹಾಳೆ, ಹೊಸ ಡಿಸೈನ್ ಆದಾಗ ಅದೇ ದಾರದಲ್ಲಿ ನಾಲ್ಕು ಚಿಕ್ಕ ಎಲೆ ಹೊಲಿದು, ಒಂದನ್ನು 15 ಸೆಕೆಂಡ್, ಒಂದನ್ನು ಒಂದು ನಿಮಿಷ, ಒಂದನ್ನು ಐದು ನಿಮಿಷ, ಒಂದನ್ನು ಮೂರು ನೀರಿನ ಲೆಕ್ಕದಲ್ಲಿ ತೊಳೆದು ಒಣಗಿಸಿ, ಕಾರ್ಡಿಗೆ ಅಂಟಿಸಿ ಸಮಯ ಬರೆದಿಡಿ. ಮುಂದೆ ಗಿರಾಕಿ ‘ಇಷ್ಟು ಗಟ್ಟಿ ಬೇಡ’ ಎಂದಾಗ ಕೈಗೆ ಕೊಟ್ಟು ಮುಟ್ಟಿಸಿ ಕೇಳಬಹುದು. ಬಾಯಲ್ಲಿ ಹೇಳುವ ‘ಸ್ವಲ್ಪ ಗಟ್ಟಿ’ ಒಬ್ಬೊಬ್ಬರಿಗೆ ಒಂದೊಂದು.

ಅನುಮಾನ ಬಂದಾಗ ಕಡಿಮೆ ತೊಳೆದು ನಿಲ್ಲಿಸಿ. ಒಣಗಿದ ಮೇಲೆ ಗಟ್ಟಿ ಅನಿಸಿದರೆ ಮತ್ತೆ ನೀರಿಗೆ ಹಾಕಿದರಾಯಿತು. ಹೆಚ್ಚು ತೊಳೆದದ್ದಕ್ಕೆ ಮತ್ತೆ ಗಂಜಿ ಹಾಕಬಹುದು ನಿಜ, ಆದರೆ ಅದು ಒಂದು ಕೆಲಸ ಜಾಸ್ತಿ.

ಒಣಗಿಸುವುದು

ಹಿಂಡಬೇಡಿ, ದಾರಕ್ಕೆ ನೇತುಹಾಕಬೇಡಿ. ಹಳೆಯ ಕಾಟನ್ ಪಂಚೆಯ ಎರಡು ಮಡಿಕೆಗಳ ನಡುವೆ ಇಟ್ಟು ಅಂಗೈಯಿಂದ ಒತ್ತಿ ನೀರು ತೆಗೆಯಿರಿ. ಟರ್ಕಿ ಟವೆಲ್ ಬೇಡ, ಅದರ ಎಳೆಗಳು ಲೋಳೆಗೆ ಅಂಟಿ ಬರುತ್ತವೆ. ಒತ್ತಿದ ಕೂಡಲೇ ತೆಗೆದುಬಿಡಿ. ಬಟ್ಟೆಯ ಮೇಲೆಯೇ ಒಣಗಲು ಬಿಟ್ಟರೆ ಗೋಂದು ಹಚ್ಚಿದಂತೆ ಕೂರುತ್ತದೆ. ನ್ಯೂಸ್‌ಪೇಪರಿನ ಮೇಲಿಟ್ಟರೆ ಕಾಗದವೂ ಅಂಟುತ್ತದೆ, ಶಾಯಿಯೂ ಹತ್ತುತ್ತದೆ.

ಥರ್ಮೋಕೋಲ್ ಹಲಗೆಗೆ ದಪ್ಪ ಪಾಲಿಥಿನ್ ಹಾಳೆ ಸುತ್ತಿ, ಅದರ ಮೇಲೆ ಲೇಸನ್ನು ಹರಡಿ. ಒಣಗಿದ ಗಂಜಿ ಪಾಲಿಥಿನ್ನಿಗೆ ಕಚ್ಚುವುದಿಲ್ಲ, ಸಲೀಸಾಗಿ ಬಿಟ್ಟುಬರುತ್ತದೆ. ಎಷ್ಟೇ ಗಟ್ಟಿ ಬೇಕಾದರೂ ಆಕಾರ ಕೂರಿಸಬೇಕಾದದ್ದು ಈಗಲೇ. ಮೂಲೆಗಳನ್ನು ಬೆರಳಿನಿಂದ ತೀಡಿ, ಕಿಂಡಿಗಳನ್ನು ದಬ್ಬಣದ ತುದಿಯಿಂದ ಬಿಡಿಸಿ, ಸ್ಟೇನ್‌ಲೆಸ್ ಸ್ಟೀಲಿನ ಪಿನ್ ಚುಚ್ಚಿ. ಮಾಮೂಲಿ ಗುಂಡುಸೂಜಿ ಒಂದೇ ರಾತ್ರಿಯಲ್ಲಿ ತುಕ್ಕಿನ ಚುಕ್ಕೆ ಬಿಡಬಹುದು. ಪಿನ್ನನ್ನು ಹೊಲಿಗೆಗೆ ಚುಚ್ಚದೆ ಕಿಂಡಿಯಲ್ಲಿ ಚುಚ್ಚಿ. ಒಂದೇ ಜೋಡಿಯ ಎರಡು ಓಲೆಗಳನ್ನು ಒಟ್ಟಿಗೆ, ಪಕ್ಕಪಕ್ಕದಲ್ಲೇ ಕೂರಿಸಿ. ಬೇರೆ ಬೇರೆ ದಿನ ಒಣಗಿಸಿದರೆ ಒಂದು ಉದ್ದ ಒಂದು ಗಿಡ್ಡ ಆಗುವುದುಂಟು. ಬಟ್ಟಲಿನ ಆಕಾರ ಬೇಕಿದ್ದರೆ ಸ್ಟೀಲ್ ಬಟ್ಟಲನ್ನು ಕವುಚಿ, ಪ್ಲಾಸ್ಟಿಕ್ ಕವರ್ ಹೊದಿಸಿ, ಅದರ ಮೇಲೆ ಒತ್ತಿ ಕೂರಿಸಿ.

ಫ್ಯಾನ್ ಗಾಳಿಗೆ ಬೇಸಿಗೆಯಲ್ಲಿ ಮೂರು ನಾಲ್ಕು ಗಂಟೆ, ಮಳೆಗಾಲದಲ್ಲಿ ರಾತ್ರಿಯಿಡೀ. ಅರ್ಧ ಒಣಗಿದಾಗ ಒಮ್ಮೆ ಮಗುಚಿ ಹಾಕಿ. ಹೇರ್ ಡ್ರೈಯರ್ ಹಿಡಿದರೆ ಮೇಲ್ಭಾಗ ಮೊದಲು ಒಣಗಿ ಲೇಸು ಹಪ್ಪಳ ಕರಿದಂತೆ ಬಾಗುತ್ತದೆ.

ಇಸ್ತ್ರಿ ಮೆತ್ತನೆಯ ಲೇಸಿಗೆ ಮಾತ್ರ: ಹಿಂಬದಿಯಿಂದ, ಮೇಲೆ ತೆಳು ಬಟ್ಟೆ ಹಾಕಿ, ಒಂದು ಚುಕ್ಕೆಯ ಬಿಸಿಯಲ್ಲಿ, ಎಳೆಯದೆ ಒತ್ತಿ ಎತ್ತುವುದು. ಗಂಜಿ ಉಳಿದ ಲೇಸಿಗೆ ಹಾಕಲೇಬೇಕಾದರೆ ಮೇಲೂ ಕೆಳಗೂ ಬಟರ್ ಪೇಪರ್ ಇಡಿ, ಇಲ್ಲದಿದ್ದರೆ ಪೆಟ್ಟಿಗೆಯ ತಳಕ್ಕೆ ಅಂಟಿ ಮುಂದಿನ ಬಟ್ಟೆಗೂ ಕಲೆ.

ಎಡವಟ್ಟಾದಾಗ

ಒಣಗಿದ ಮೇಲೆ ಕಿಂಡಿಗಳಲ್ಲಿ ಹೊಳೆಯುವ ಪೊರೆ ಕಂಡರೆ ಇಡೀ ಲೇಸನ್ನು ಮತ್ತೆ ಅದ್ದಬೇಕಿಲ್ಲ. ಸಣ್ಣ ಪೇಂಟಿಂಗ್ ಬ್ರಷ್‌ನಿಂದ ಬಿಸಿನೀರು ಹಚ್ಚಿ, ಅರ್ಧ ನಿಮಿಷ ಬಿಟ್ಟು, ಕಾಟನ್ ಬಡ್‌ನಿಂದ ಒತ್ತಿ ತೆಗೆದರೆ ಸಾಕು. ಪೊರೆ ಹೋಗುತ್ತದೆ, ದಾರದ ಗಟ್ಟಿತನ ಹಾಗೇ ಇರುತ್ತದೆ.

ಮೈಮೇಲೆ ಬಿಳಿ ಪುಡಿಯಂತೆ ಕಂಡರೆ ತಪ್ಪು ಸ್ಟೆಬಿಲೈಸರಿನದ್ದೇ ಆಗಿರಬೇಕೆಂದಿಲ್ಲ. ಬೋರ್‌ವೆಲ್ ನೀರು ಗಡಸಾದ ಕಡೆ ಒಣಗಿದ ಬಕೆಟ್ಟಿನ ಗೋಡೆಯಲ್ಲಿ ಕೂರುವ ಸುಣ್ಣವೇ ಲೇಸಿನ ಮೇಲೂ ಕೂರುತ್ತದೆ. ಗುರುತಿಸುವುದು ಸುಲಭ: ಒದ್ದೆ ಬೆರಳಿಂದ ಉಜ್ಜಿದಾಗ ಜಾರಿದರೆ ಗಂಜಿ, ಜಾರದೆ ತರಿತರಿ ಎಂದರೆ ಸುಣ್ಣ. ಕೊನೆಯ ತೊಳೆತವನ್ನು ಆರ್‌ಒ ಫಿಲ್ಟರಿನ ಕುಡಿಯುವ ನೀರಲ್ಲಿ ಮಾಡಿದರೆ ಈ ತಾಪತ್ರಯವೇ ಇಲ್ಲ.

ನೀರಲ್ಲಿ ಲೇಸು ಬಿಚ್ಚಿಕೊಳ್ಳತೊಡಗಿದರೆ ಕೂಡಲೇ ಜಾಲರಿಯ ಸಮೇತ ಎತ್ತಿ, ಪಾಲಿಥಿನ್ ಮೇಲೆ ಹರಡಿ, ಚಿಮುಟದಿಂದ ಎಳೆಗಳನ್ನು ಜಾಗಕ್ಕೆ ಸರಿಸಿ ಹಾಗೇ ಒಣಗಲು ಬಿಡಿ. ಉಳಿದ ಲೋಳೆಯೇ ಹಿಡಿದುಕೊಳ್ಳುತ್ತದೆ, ಗಟ್ಟಿಯಾದ ಮೇಲೆ ಕೈಹೊಲಿಗೆ ಹಾಕಿ ಮತ್ತೆ ತೊಳೆಯಬಹುದು. ಕಾರಣ ಹೆಚ್ಚಾಗಿ ಡಿಸೈನಿನದ್ದು. ಬಟ್ಟೆಯ ಮೇಲೆ ಹೊಲಿಯಲು ಮಾಡಿದ ಡಿಸೈನಿಗೆ ಅಡಿಯಲ್ಲಿ ಒಂದನ್ನೊಂದು ಹೆಣೆಯುವ ಜಾಲರಿ ಹೊಲಿಗೆ ಇರುವುದಿಲ್ಲ; ಅದನ್ನು ಹಾಳೆಯ ಮೇಲೆ ಹೊಲಿದರೆ ಹಾಳೆ ಹೋದ ಮೇಲೆ ಹಿಡಿದುಕೊಳ್ಳಲು ಏನೂ ಇಲ್ಲ. ಇನ್ನೊಂದು ಕಾರಣ ಹೊಲಿಯುವಾಗಲೇ ಹಾಳೆ ಹರಿದದ್ದು. ಸೂಜಿ ಒತ್ತೊತ್ತಾಗಿ ಚುಚ್ಚಿದ ಕಡೆ ಫಿಲ್ಮ್ ಸ್ಟಾಂಪಿನ ಅಂಚಿನಂತೆ ಕಿತ್ತು, ಅಂಚಿನ ಹೊಲಿಗೆ ಅರ್ಧ ಮಿಲಿಮೀಟರ್ ಆಚೆ ಬಿದ್ದಿರುತ್ತದೆ. ಅದಕ್ಕೇ ಮೊದಲೇ ಟಾರ್ಚ್ ಹಚ್ಚಿ ನೋಡಲು ಹೇಳಿದ್ದು.

ಬಣ್ಣ ಬಿಟ್ಟರೆ ಒಣಗಲು ಬಿಡಲೇಬೇಡಿ. ತಣ್ಣೀರಿಗೆ ಹಾಕಿ, ನೀರು ತಿಳಿಯಾಗುವ ತನಕ ಬದಲಿಸುತ್ತಲೇ ಇರಿ. ಒಣಗಿದ ಮೇಲೆ ಬಿಳಿ ದಾರಕ್ಕೆ ಹತ್ತಿದ ಬಣ್ಣ ಸುಲಭಕ್ಕೆ ಹೋಗುವುದಿಲ್ಲ.

ಲೇಸು ಬೇಕಾದ್ದಕ್ಕಿಂತ ಮೆತ್ತಗಾಗಿದ್ದರೆ ಎತ್ತಿಟ್ಟ ಚೂರುಗಳು ಕೆಲಸಕ್ಕೆ ಬರುತ್ತವೆ. ಐದು ಗ್ರಾಂ ಚೂರು, ಅಂದರೆ ದಪ್ಪ ಫಿಲ್ಮಿನ ಹತ್ತು ಸೆಂಟಿಮೀಟರ್ ಚೌಕ ಐದು, ನೂರು ಮಿಲಿಲೀಟರ್ ನೀರಿಗೆ. ರಾಗಿ ಹಿಟ್ಟನ್ನು ಮೊದಲು ತಣ್ಣೀರಲ್ಲಿ ಕದಡುವ ಹಾಗೆ ಇದನ್ನೂ ತಣ್ಣೀರಲ್ಲೇ ಹಾಕಿ ಹತ್ತು ನಿಮಿಷ ಕಲಕಿ, ಆಮೇಲೆ ಬಟ್ಟಲನ್ನು ಬಿಸಿನೀರಿನ ಪಾತ್ರೆಯೊಳಗೆ ಇಟ್ಟು ಪೂರ್ತಿ ಕರಗಿಸಿ. ನೇರ ಬಿಸಿನೀರಿಗೆ ಹಾಕಿದರೆ ಹೊರಗೆ ಲೋಳೆ ಒಳಗೆ ಒಣ, ಗಂಟೋ ಗಂಟು. ಟೀ ಜಾಲರಿಯಲ್ಲಿ ಸೋಸಿ, ಪಿನ್ ಮಾಡಿದ ಲೇಸಿನ ಹಿಂಬದಿಗೆ ಬ್ರಷ್‌ನಿಂದ ಹಚ್ಚಿ, ಕಿಂಡಿ ತುಂಬಿದ್ದನ್ನು ಊದಿ ತೆಗೆಯಿರಿ. ಒಂದು ಕೋಟ್ ಒಣಗಿದ ಮೇಲೆ ನೋಡಿ ಇನ್ನೊಂದು. ಉಳಿದದ್ದು ಫ್ರಿಜ್ಜಿನಲ್ಲಿ ಕೆಲವು ದಿನ ಇರುತ್ತದೆ, ವಾಸನೆ ಬಂದರೆ ಚೆಲ್ಲಿ. ಇದರ ಬದಲು ಫೆವಿಕಾಲ್ ಥರದ ಬಿಳಿ ಗೋಂದು ನೀರು ಮಾಡಿ ಹಚ್ಚುವವರಿದ್ದಾರೆ. ಅದೂ ‘ಪಿವಿಎ’ಯೇ ಎಂಬ ವಾದ ಬೇರೆ. ಅಲ್ಲ, ಅದು ಪಾಲಿವಿನೈಲ್ ಅಸಿಟೇಟ್, ಬೇರೆ ವಸ್ತು. ಒಣಗಿದ ಮೇಲೆ ನೀರಲ್ಲಿ ಮತ್ತೆ ಕರಗಿ ಬರುವುದಿಲ್ಲ, ತಪ್ಪಾದರೆ ತಿದ್ದುವ ದಾರಿ ಮುಚ್ಚಿತು.

ಮಳೆಗಾಲ

ಉಳಿಸಿಕೊಂಡ ಗಂಜಿ ಗಾಳಿಯ ತೇವ ಕುಡಿಯುತ್ತದೆ. ಕಲಬುರಗಿಯ ಏಪ್ರಿಲಿನಲ್ಲಿ ಠಣ್ಣನೆ ನಿಂತ ಓಲೆ ಮಂಗಳೂರಿನ ಜುಲೈನಲ್ಲಿ ಜೋತುಬೀಳುವುದು ಇದರಿಂದ. ಕರಾವಳಿ, ಮಲೆನಾಡಿಗೆ ಕಳಿಸುವ ಮಾಲಾದರೆ ಗಂಜಿಯನ್ನೇ ನೆಚ್ಚಬೇಡಿ. ಮೂರು ನೀರಲ್ಲಿ ಪೂರ್ತಿ ತೊಳೆದು, ಪಿನ್ ಮಾಡಿ ಒಣಗಿಸಿ, ಪಾರದರ್ಶಕ ಅಕ್ರಿಲಿಕ್ ಸ್ಪ್ರೇಯನ್ನು ಒಂದಡಿ ದೂರದಿಂದ ಎರಡು ತೆಳು ಕೋಟ್ ಹೊಡೆಯಿರಿ, ಒಂದು ಒಣಗಿದ ಮೇಲೆ ಇನ್ನೊಂದು, ಕಿಟಕಿ ತೆರೆದು. ಮೊದಲು ಚೂರಿನ ಮೇಲೆ ಹೊಡೆದು ಬಣ್ಣ ಕಡುವಾಗುತ್ತದೆಯೇ ನೋಡಿಕೊಳ್ಳಿ.

ಬಳಸದ ಹಾಳೆಗೂ ಹವೆಯ ಕಾಟ ಇದೆ. ಒಣ ಹವೆಗೆ ಫಿಲ್ಮ್ ಗರಿಗರಿಯಾಗಿ ಹೂಪ್ ಬಿಗಿಸುವಾಗಲೇ ಬಿರುಕು ಬಿಡುತ್ತದೆ, ತೇವಕ್ಕೆ ಮೆತ್ತಗಾಗಿ ಸೂಜಿಯ ಹೊಡೆತಕ್ಕೆ ಹಿಗ್ಗುತ್ತದೆ. ಗಾಳಿಯಾಡದ ಜಿಪ್ ಕವರಿನಲ್ಲಿ ಸುತ್ತಿಡಿ. ಗರಿಗರಿಯಾದದ್ದನ್ನು ಒದ್ದೆ ಬಟ್ಟೆಯಿದ್ದ ಡಬ್ಬಿಯಲ್ಲಿ, ಬಟ್ಟೆಗೆ ತಾಗದಂತೆ, ಒಂದೆರಡು ಗಂಟೆ ಮುಚ್ಚಿಟ್ಟರೆ ಮತ್ತೆ ಬಗ್ಗುತ್ತದೆ.

ತೊಳೆದ ನೀರನ್ನು ಗಿಡಕ್ಕೆ ಹಾಕಬೇಡಿ. ಕರಗದ ಲೋಳೆ ಗಂಟುಗಳನ್ನು ಸೋಸಿ ಒಣಗಿಸಿ ಕಸಕ್ಕೆ ಹಾಕಿ, ನೀರನ್ನು ಮಾತ್ರ ಬಚ್ಚಲಿಗೆ ಚೆಲ್ಲಿ, ಹಿಂದೆಯೇ ಒಂದು ಬಕೆಟ್ ನೀರು ಸುರಿಯಿರಿ. ಟಬ್ ಮತ್ತು ಜಾಲರಿಯನ್ನು ಅದೇ ಕೈಯಲ್ಲಿ ತೊಳೆದಿಡಿ. ಗಂಜಿ ಅಂಟಿದ ಜಾಲರಿ ಒಣಗಿದರೆ ನಾಳೆಯ ಕಪ್ಪು ಲೇಸಿನ ಮೇಲೆ ಅದೇ ಚೌಕಚೌಕದ ಗುರುತು ಮೂಡುತ್ತದೆ.